ಏಳನೆಯ ಹೆಸರಿನೊಳಗಿನ ಖಾಲಿ ಜಾಗ

“ಉದ್ಧರಣ ಚಿಹ್ನೆ,” ಎಂದಿತು ಯಂತ್ರ. “ವಜಾ. ಖಾಲಿ ಜಾಗ. ಪತ್ರ. ಉದ್ಧರಣ ಚಿಹ್ನೆ.”

ನಿರ್ದೇಶಕರ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಒಂಬತ್ತನೆಯ ವಯಸ್ಸಿನಿಂದ ಅವರಿಗೆ ಕಣ್ಣು ಕಾಣದು. ಅವರು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಯಂತ್ರವು ಒಣಗಂಟಲಿನಲ್ಲಿ ಗಟ್ಟಿಯಾಗಿ ಹೇಳುತ್ತಿತ್ತು. ಆ ಕಟ್ಟಡದಲ್ಲಿದ್ದ ಎಲ್ಲ ಕಂಪ್ಯೂಟರುಗಳಿಗೂ ಹೀಗೆ ಬಾಯಿ ಇತ್ತು.

“ಪತ್ರ ಸಿದ್ಧವಾಗಿದೆ,” ಎಂದರು ನಿರ್ದೇಶಕರು. “ಸಮಿತಿಯವರು ನಾಲ್ಕು ಗಂಟೆಗೆ ಬರ್ತಾರೆ. ಅಷ್ಟರೊಳಗೆ ನೀವು ಬೇರೆ ಏನಾದರೂ ಹೇಳಿದರೆ ಸರಿ. ಇಲ್ಲದಿದ್ದರೆ ನಾನು ಸಹಿ ಹಾಕಬೇಕಾಗುತ್ತೆ. ಮನಸ್ಸಿಲ್ಲ, ಆದರೂ ಹಾಕಬೇಕಾಗುತ್ತೆ.”

ಗೋಡೆಯ ಗಡಿಯಾರದಲ್ಲಿ ಎರಡೂಕಾಲು. ನಿಜ ಪತ್ತೆ ಮಾಡಲೆಂದು ಅವರು ಕರೆಸಿದ್ದ ಸೂಜಿಯಕ್ಕ ಎದ್ದು ನಿಂತಳು.

ಮಂಗಳವಾರ ಮಧ್ಯಾಹ್ನ, ಕಣ್ಣು ಕಾಣದವರು ಕೇಳಲೆಂದು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಡುವ ಈ ಧ್ವನಿ ಪುಸ್ತಕಾಲಯದಿಂದ ಏಳು ಪುಸ್ತಕಗಳ ಓದು ಮಾಯವಾಗಿತ್ತು. ಏಳೂ ಒಬ್ಬಳೇ ಓದುಗಿತ್ತಿಯ ಧ್ವನಿ, ಅಳಿಸಿದವನೆಂದು ಸಿಕ್ಕಿಬಿದ್ದವನು ಆಕೆಯ ಸ್ವಂತ ಅಳಿಯ, ಇಲ್ಲಿನ ಕಂಪ್ಯೂಟರುಗಳ ಉಸ್ತುವಾರಿ.

ಸೂಜಿಯಕ್ಕನ ಮೂಲ ಕಸುಬು ಪುಸ್ತಕಗಳಿಗೆ ಹೊಲಿಗೆ ಹಾಕುವುದು. ಪುಸ್ತಕ ಹೊಲಿಯುವವರು ಕಡಿಮೆಯಾದ ಮೇಲೆ ಅವಳು ಊರೂರು ಸುತ್ತಿ ಕಂಪ್ಯೂಟರು ರಿಪೇರಿ ಕಲಿತಳು. ರಿಪೇರಿಯ ಜೊತೆಗೆ ಜನರ ತೊಡಕುಗಳನ್ನು ಬಿಡಿಸುವ ಚಟವೂ ಹತ್ತಿಕೊಂಡಿತು. ಆದರೆ ಸೂಜಿ ಮಾತ್ರ ಕೈ ಬಿಡಲಿಲ್ಲ. ಈಗಲೂ ಅದು ಅವಳ ಅಂಗಿಯ ಕಾಲರಿನಲ್ಲಿ ಚುಚ್ಚಿಕೊಂಡೇ ಇರುತ್ತಿತ್ತು.

ಕಾರಿಡಾರಿನಲ್ಲಿ ಭಾವ ಕಾಯುತ್ತಿದ್ದ. ಅಕ್ಕನ ಗಂಡ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ನಾದಿನಿಯ ವ್ಯಾನು ಓಡಿಸುತ್ತಿದ್ದ. ಹೋದಲ್ಲೆಲ್ಲ ಅತ್ಯಂತ ಒಳ್ಳೆಯ ಕುರ್ಚಿಯನ್ನು ಒಂದೇ ನೋಟಕ್ಕೆ ಪತ್ತೆ ಹಚ್ಚುವುದು ಅವನ ವಿದ್ಯೆ.

“ಏನಂತೆ?” ಎಂದ, ಕುರ್ಚಿಯಿಂದ ಏಳದೆ.

“ನಾಲ್ಕು ಗಂಟೆ.”

“ಪಾಪ, ಆ ಉಸ್ತುವಾರಿ ಬೆಳಗ್ಗೆಯಿಂದ ನೀರು ಕೂಡ ಕುಡಿದಿಲ್ಲ ಕಣೇ. ಅವನ ಮುಖ ನೋಡಿದ್ರೆ, ಕೊನೇ ಬಸ್ಸು ತಪ್ಪಿದ ಪ್ರಯಾಣಿಕನ ಹಾಗಿದೆ.”

“ಎದ್ದೇಳಿ ಭಾವ. ನಿಮಗೆ ಕೆಲಸ ಇದೆ.”

“ಕೂತು ಮಾಡೋ ಕೆಲಸಾನಾ?”

“ಕೂತೇ ಮಾಡೋದು.”

ಭಾವ ತಕ್ಷಣ ಎದ್ದ.

*

ಯಂತ್ರದ ಕೋಣೆ ಕಿರಿದಾಗಿತ್ತು, ಅಚ್ಚುಕಟ್ಟಾಗಿತ್ತು. ಒಂದು ಗೋಡೆಗೆ ಧ್ವನಿಮುದ್ರಣದ ಗಾಜಿನ ಗೂಡು. ಇನ್ನೊಂದು ಗೋಡೆಗೆ ಉದ್ದನೆಯ ಮೇಜು, ಅದರ ಮೇಲೆ ದೊಡ್ಡ ಕಂಪ್ಯೂಟರು. ಎಂಟು ನೂರು ಪುಸ್ತಕಗಳ ಓದು ಅದರ ಹೊಟ್ಟೆಯಲ್ಲಿತ್ತು. ಒಂದೊಂದು ಪುಸ್ತಕಕ್ಕೂ ಒಂದೊಂದು ಫೋಲ್ಡರು, ಒಂದೊಂದು ಫೋಲ್ಡರಿಗೂ ಒಂದು ಹೆಸರು.

ಉಸ್ತುವಾರಿ ಮೇಜಿನ ತುದಿಯಲ್ಲಿ ಮುದುಡಿ ಕುಳಿತಿದ್ದ. ನಲವತ್ತು ದಾಟಿದ, ಮೃದು ಮಾತಿನ ಮನುಷ್ಯ. ಅವನಿಂದ ಸಾಧ್ಯವಾದಷ್ಟು ದೂರದಲ್ಲಿ, ಕೈಚೀಲವನ್ನು ಗುರಾಣಿಯಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಅವನ ಅತ್ತೆ. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಮಾಡಿದ ಗಂಟಲು ಅದು. ಪಿಸುಗುಟ್ಟಿದರೂ ಹಿಂದಿನ ಬೆಂಚಿಗೆ ಕೇಳಿಸುತ್ತಿತ್ತು.

“ಮೂರು ದಿನದಿಂದ ಮನೇಲಿ ಯಾರೂ ಇವನ ಹತ್ತಿರ ಮಾತಾಡ್ತಿಲ್ಲ,” ಎಂದಳು ಅತ್ತೆ, ಅದೊಂದು ಸಾಧನೆಯೆಂಬಂತೆ. “ನನ್ನ ಮಗಳು ಊಟದ ತಟ್ಟೆ ಇಡ್ತಾಳೆ, ಸದ್ದು ಮಾಡಿ ಇಡ್ತಾಳೆ. ಅಷ್ಟೇ.”

“ಅತ್ತೆ, ನಾನು ಬೇಕು ಅಂತ ಮಾಡಿದ್ದಲ್ಲ ಅಂತ ನೂರು ಸಲ ಹೇಳಿದೀನಿ...”

“ಬೇಡ ಅಂತ ಮಾಡಿದವನ ಕೈಗೆ ನನ್ನವು ಏಳೇ ಯಾಕೆ ಸಿಕ್ಕವು? ಎಂಟು ನೂರು ಇದ್ವಲ್ಲಪ್ಪ!”

ಇದೇ ಪ್ರಶ್ನೆ ಸಮಿತಿಯವರ ಬಾಯಲ್ಲೂ ಇತ್ತು. ಆಕಸ್ಮಿಕ ಎನ್ನುವುದಾದರೆ ಅದು ಕಣ್ಣು ಮುಚ್ಚಿ ಬಡಿಯಬೇಕು. ಇದು ಆರಿಸಿ ಆರಿಸಿ ಬಡಿದಿತ್ತು. ಜಗಳವೂ ಎಲ್ಲರಿಗೆ ಗೊತ್ತಿತ್ತು. ಹಿಂದಿನ ವಾರ ಅಳಿಯ ಅತ್ತೆಗೆ, ‘ನಿಮ್ಮ ಉಸಿರಾಟ ತುಂಬ ಕೇಳಿಸುತ್ತೆ, ಕತ್ತರಿಸಬೇಕು’ ಎಂದಿದ್ದ. ಅತ್ತೆ ಗಾಜಿನ ಗೂಡಿನಿಂದ ಹೊರಗೆ ಬಂದು, ‘ನನ್ನ ಉಸಿರು ಕತ್ತರಿಸ್ತೀನಿ ಅಂತಾನಲ್ಲ ಇವನು’ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಸಾರಿದ್ದಳು. ಒಬ್ಬರಿಂದೊಬ್ಬರ ಬಾಯಿಗೆ ಹೋಗುತ್ತ ಆ ಮಾತು ಕೊಲೆಬೆದರಿಕೆಯಷ್ಟು ದಪ್ಪಗಾಗಿತ್ತು.

ಸೂಜಿಯಕ್ಕ ಉಸ್ತುವಾರಿಯ ಪಕ್ಕದಲ್ಲಿ ಕುಳಿತಳು. “ಮಂಗಳವಾರ ಏನು ಮಾಡಿದ್ರಿ? ಮೊದಲಿಂದ ಹೇಳಿ. ಅವಸರ ಬೇಡ.”

“ಕಸ ಗುಡಿಸಿದೆ ಅಷ್ಟೇ ಅಕ್ಕ. ಅರ್ಧಕ್ಕೆ ನಿಲ್ಲಿಸಿದ ಐದು ಓದು ಇದ್ವು, ಬೇರೆ ಬೇರೆಯವರು ಓದಿದ್ದು. ಯಾರಿಗೂ ಬೇಕಾಗಿರಲಿಲ್ಲ. ಒಂದು ಪಟ್ಟಿ ಮಾಡಿದೆ, ಒಂದು ಸಾಲಿಗೆ ಒಂದು ಹೆಸರು. ಆ ಪಟ್ಟೀನ ಆಜ್ಞೆ ಟೈಪು ಮಾಡೋ ಕಪ್ಪು ಪರದೆಯಲ್ಲಿ ಅಳಿಸೋ ಆಜ್ಞೆಗೆ ಕೊಳವೆ ಹಾಕಿ ಕೊಟ್ಟೆ.”

“ಕೊಳವೆ ಅಂದ್ರೆ?” ಎಂದ ಭಾವ.

“ಒಂದು ಆಜ್ಞೆ ಹೇಳಿದ್ದನ್ನ ಇನ್ನೊಂದು ಆಜ್ಞೆ ಕೇಳಿಸ್ಕೊಳ್ಳೋ ಹಾಗೆ ಮಾಡೋದು ಭಾವ,” ಎಂದಳು ಸೂಜಿಯಕ್ಕ. “ಒಬ್ಬ ಓದ್ತಾನೆ. ನಡುವಿನವನು ಅದನ್ನ ಹಂಚ್ತಾನೆ. ಕೊನೆಯವನು ಅಳಿಸ್ತಾನೆ. ಆ ನಡುವಿನವನ ಹೆಸರು ಎಕ್ಸ್‌ಆರ್ಗ್ಸ್.”

“ಹಿಂದಿನ ಕೆಲಸದಲ್ಲಿ ಹನ್ನೊಂದು ವರ್ಷ ಹೀಗೇ ಮಾಡಿದೀನಿ,” ಎಂದ ಉಸ್ತುವಾರಿ. “ಒಂದು ದಿನಕ್ಕೂ ತಪ್ಪಿಲ್ಲ.”

“ಹಿಂದಿನ ಕೆಲಸ ಎಲ್ಲಿ?”

“ಮೋಟಾರಿನ ಬಿಡಿಭಾಗಗಳ ಗೋದಾಮು.”

“ಅಲ್ಲಿ ಫೈಲುಗಳಿಗೆ ಎಂಥ ಹೆಸರು ಇಡ್ತಿದ್ರಿ?”

“ಹೆಸರೆಲ್ಲಿ ಬಂತು? ಎಲ್ಲ ನಂಬರೇ. ನಾಲ್ಕು ಸಾವಿರದ ಹನ್ನೆರಡು, ನಾಲ್ಕು ಸಾವಿರದ ಹದಿಮೂರು...”

ಸೂಜಿಯಕ್ಕ ಕಾಲರಿನ ಸೂಜಿಯನ್ನು ಹೊರಗೆ ತೆಗೆದು ಬೆರಳಿನಲ್ಲಿ ತಿರುಗಿಸಿದಳು. ಭಾವನಿಗೆ ಈ ಲಕ್ಷಣ ಗೊತ್ತಿತ್ತು. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

“ನೀವು ಅಳಿಸಬೇಕು ಅಂತಿದ್ದ ಆ ಐದು ಈಗ ಎಲ್ಲಿವೆ?”

“ಹೋಗಿರಬೇಕಲ್ಲ.”

“ನೋಡಿದ್ರಾ?”

ಉಸ್ತುವಾರಿ ಇಲ್ಲವೆಂದು ತಲೆ ಅಲ್ಲಾಡಿಸಿದ. ಏಳು ಹೋದ ಗದ್ದಲದಲ್ಲಿ ಐದನ್ನು ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೋಗಬಾರದ್ದು ಹೋದಾಗ, ಹೋಗಬೇಕಾದದ್ದರ ಕಡೆಗೆ ಯಾರು ತಿರುಗಿ ನೋಡುತ್ತಾರೆ?

ಸೂಜಿಯಕ್ಕ ಪರದೆಯನ್ನು ಅವನತ್ತ ತಿರುಗಿಸಿದಳು. ಐದೂ ಅಲ್ಲಿದ್ದವು. ಕೂದಲು ಕೊಂಕದೆ, ಮಂಗಳವಾರಕ್ಕೂ ಹಿಂದಿನ ಧೂಳಿನ ಸಮೇತ ಕುಳಿತಿದ್ದವು.

*

“ಈಗ ಒಂದು ಆಟ ಆಡೋಣ,” ಎಂದಳು ಸೂಜಿಯಕ್ಕ. “ಟೀಚರೇ, ನೀವೂ ಬನ್ನಿ.”

“ಆಟ ಆಡೋ ವಯಸ್ಸಾ ಇದು?” ಎಂದಳು ಅತ್ತೆ. ಎದ್ದು ಬಂದದ್ದು ಮಾತ್ರ ಎಲ್ಲರಿಗಿಂತ ಮೊದಲು.

ಸೂಜಿಯಕ್ಕ ಕಾಗದದ ಚೀಟಿಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಫೋಲ್ಡರಿನ ಹೆಸರು ಬರೆದು ಮೇಜಿನ ಮೇಲೆ ಹರಡಿದಳು. ಸುಮಾರು ಮೂವತ್ತು ಚೀಟಿ. ಕಳೆದುಹೋದ ಏಳೂ ಅವುಗಳ ನಡುವೆ ಇದ್ದವು. ಉಳಿದುಕೊಂಡ ಐದೂ ಇದ್ದವು. ಪಕ್ಕದಲ್ಲಿ ಕಸದ ಬುಟ್ಟಿ ಇಟ್ಟಳು.

“ಉಸ್ತುವಾರಿಗಳೇ, ನೀವು ಮಂಗಳವಾರದ ಪಟ್ಟಿ ಓದಿ. ಭಾವ, ನೀವು ನಡುವಿನವರು. ಇವರು ಹೇಳಿದ್ದನ್ನ ನೀವು ಟೀಚರಿಗೆ ದಾಟಿಸಬೇಕು. ಆದ್ರೆ ನಿಮಗೆ ಭಾಷೆ ಗೊತ್ತಿಲ್ಲ. ಎಲ್ಲಿ ಖಾಲಿ ಜಾಗ ಬಂತೋ ಅಲ್ಲಿಗೆ ಒಂದು ಹೆಸರು ಮುಗೀತು ಅಂತ ತಿಳ್ಕೋತೀರಿ. ಒಂದು ಸಲಕ್ಕೆ ಒಂದು ಪದ. ಆಯ್ತಾ?”

“ಟಿಕೆಟ್ ಹರಿದು ಕೊಟ್ಟ ಹಾಗೆ,” ಎಂದ ಭಾವ. “ಗೊತ್ತಾಯ್ತು.”

“ಟೀಚರೇ, ನೀವು ಅಳಿಸೋರು. ಭಾವ ಏನು ಹೇಳ್ತಾರೋ ಸರಿಯಾಗಿ ಅದೇ ಹೆಸರಿನ ಚೀಟಿ ಇದ್ರೆ ಬುಟ್ಟಿಗೆ ಹಾಕಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಂಥ ಚೀಟಿ ಇಲ್ದೇ ಇದ್ರೆ ಸುಮ್ಮನಿರಿ. ಇಲ್ಲ ಅಂತ ಬಾಯಿ ಬಿಡಬಾರದು.”

“ಯಾಕೆ ಬಿಡಬಾರದು?”

“ಯಾಕಂದ್ರೆ ನಿಮ್ಮ ಅಳಿಯ ಆಜ್ಞೆ ಕೊಡೋವಾಗ, ಏನೇ ಆದ್ರೂ ಸುಮ್ಮನೆ ಕೆಲಸ ಮುಗಿಸು, ಪ್ರಶ್ನೆ ಕೇಳಬೇಡ ಅಂತ ಹೇಳಿದಾರೆ. ಅದು ಗೋದಾಮಿನ ಅಭ್ಯಾಸ.”

“ನನಗೆ ಸುಮ್ಮನಿರು ಅನ್ನೋ ಧೈರ್ಯ ಇವನಿಗೆ ಕಂಪ್ಯೂಟರಿನಲ್ಲಾದ್ರೂ ಬಂತಲ್ಲ,” ಎಂದಳು ಅತ್ತೆ. ಉಸ್ತುವಾರಿಯ ತುಟಿಯ ಮೂಲೆಯಲ್ಲಿ ಮೂರು ದಿನಗಳ ನಂತರದ ಮೊದಲ ನಗೆ ಇಣುಕಿ ಮರೆಯಾಯಿತು.

ಅವನು ಪಟ್ಟಿಯ ಮೊದಲ ಸಾಲು ಓದಿದ. “ಗುಡ್ಡದ ಮೇಲಿನ ಮನೆ.”

“ಗುಡ್ಡದ,” ಎಂದ ಭಾವ ಅತ್ತೆಯತ್ತ ತಿರುಗಿ.

ಅತ್ತೆ ಚೀಟಿಗಳ ಮೇಲೆ ಕಣ್ಣಾಡಿಸಿದಳು. ಬರೀ ‘ಗುಡ್ಡದ’ ಎಂಬ ಚೀಟಿ ಇರಲಿಲ್ಲ. ತುಟಿ ಬಿಗಿಹಿಡಿದು ಸುಮ್ಮನಿದ್ದಳು. ಅದು ಆಕೆಗೆ ಸುಲಭವಾಗಿರಲಿಲ್ಲವೆಂಬುದು ಕತ್ತಿನ ನರಗಳಲ್ಲಿ ಕಾಣುತ್ತಿತ್ತು.

“ಮೇಲಿನ.”

ಅದೂ ಇಲ್ಲ.

“ಮನೆ.”

“ಮನೆ ಇದೆ,” ಎನ್ನುತ್ತ ಅತ್ತೆ ಚೀಟಿಯನ್ನೆತ್ತಿ ಬುಟ್ಟಿಯ ಮೇಲೆ ಹಿಡಿದಳು. ಕೈ ಅಲ್ಲೇ ನಿಂತಿತು. “ಇದು ನನ್ನದು! ನಾನು ಓದಿದ್ದು!”

“ಹಾಕಿ ಟೀಚರೇ. ನಿಮಗೆ ಹೇಳಿದ ಹೆಸರು ಅದೇ.”

ಚೀಟಿ ಬುಟ್ಟಿಗೆ ಬಿತ್ತು.

“ಆರಿದ ದೀಪ,” ಎಂದು ಓದಿದ ಉಸ್ತುವಾರಿ. ಮುಂದೇನಾಗುವುದೆಂದು ಅವನಿಗೆ ಕಾಣತೊಡಗಿತ್ತು.

“ಆರಿದ,” ಎಂದ ಭಾವ. ಸುಮ್ಮನೆ. “ದೀಪ.”

ಅತ್ತೆ ‘ದೀಪ’ವನ್ನು ಹಾಕಿದಳು. ‘ಕಡಲು ದಾಟಿದ ದೋಣಿ’ ಬಂದಾಗ ‘ಕಡಲು’ ಹೋಯಿತು, ‘ದೋಣಿ’ಯೂ ಹೋಯಿತು. ‘ದಾರಿ ತಪ್ಪಿದ ಅಂಚೆಯವ’ನಿಂದ ‘ದಾರಿ’ ಹೋಯಿತು. ‘ಒಡಕು ಕನ್ನಡಿ’ಯಿಂದ ‘ಕನ್ನಡಿ’ ಹೋಯಿತು. ಪಟ್ಟಿ ಮುಗಿಯಿತು. ಮೇಜಿನ ಮೇಲೆ ಅಳಿಸಬೇಕಾಗಿದ್ದ ಐದು ಉದ್ದನೆಯ ಹೆಸರುಗಳೂ ಹಾಗೇ ಮಲಗಿದ್ದವು. ಇಡಿಯಾಗಿ ಅವುಗಳನ್ನು ಯಾರೂ ಕೂಗಿರಲೇ ಇಲ್ಲ.

ಅತ್ತೆ ಬುಟ್ಟಿಯೊಳಗೆ ನೋಡಿದಳು. ತನ್ನ ಕೈಯಿಂದಲೇ ಹಾಕಿದ ಚೀಟಿಗಳು, ತನ್ನವೇ ಪುಸ್ತಕಗಳು.

“ಅಯ್ಯೋ,” ಎಂದಳು. ಈ ಸಲ ನಿಜಕ್ಕೂ ಪಿಸುಮಾತು.

“ಆದ್ರೆ ನನ್ನವೇ ಯಾಕೆ?” ಎಂದಳು ಮರುಕ್ಷಣ. ಆಕೆಯ ವಕೀಲಿ ಇನ್ನೂ ಪೂರ್ತಿ ಸೋತಿರಲಿಲ್ಲ.

“ನೀವು ನಿಮ್ಮ ಫೋಲ್ಡರಿಗೆ ಹೆಸರು ಹೇಗೆ ಇಡ್ತೀರಿ?”

“ಚುಟುಕಾಗಿ. ಪುಸ್ತಕದ ಹೆಸರು ಎಷ್ಟೇ ಉದ್ದ ಇರಲಿ, ಒಂದು ಪದ ಸಾಕು. ತರಗತಿಯಲ್ಲೂ ಅಷ್ಟೇ, ಹಾಜರಿ ಕೂಗೋವಾಗ ಅಪ್ಪನ ಹೆಸರು, ತಾತನ ಹೆಸರು ಎಲ್ಲ ಸೇರಿಸಿ ಕೂಗೋಕಾಗುತ್ತಾ?”

“ಉಳಿದ ಓದುವವರು?”

“ಅವರೆಲ್ಲ ಮೆರವಣಿಗೆ ಹೊರಡಿಸ್ತಾರೆ. ನಾಲ್ಕು ಪದ, ಐದು ಪದ...” ಅತ್ತೆಯ ಮಾತು ಅರ್ಧಕ್ಕೆ ನಿಂತಿತು.

“ಈ ಎಂಟು ನೂರರಲ್ಲಿ ಒಂದೇ ಪದದ ಹೆಸರು ಇರೋದು ನಿಮ್ಮವಕ್ಕೆ ಮಾತ್ರ,” ಎಂದಳು ಸೂಜಿಯಕ್ಕ. “ಚೂರು ಚೂರಾದ ಹೆಸರು ಬಡಿಯೋಕೆ ಹೊರಟರೆ, ಒಂಟಿ ಪದದ ಹೆಸರಿಗೇ ತಾಗಬೇಕು. ನಿಮ್ಮ ಅಳಿಯ ನಿಮ್ಮನ್ನ ಆರಿಸಲಿಲ್ಲ ಟೀಚರೇ. ನಿಮ್ಮ ಶಿಸ್ತೇ ನಿಮ್ಮನ್ನ ಸಾಲಿನ ಮುಂದೆ ನಿಲ್ಲಿಸ್ತು.”

ಉಸ್ತುವಾರಿ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ. ಭಾವ ಗಂಟಲು ಸರಿಪಡಿಸಿಕೊಂಡ.

“ನಾನಾಗಿದ್ರೆ ‘ಗುಡ್ಡದ ಮೇಲಿನ ಮನೆ’ ಅಂತ ಪೂರ್ತಿ ಹೇಳ್ತಿದ್ದೆ,” ಎಂದ. “ಬಸ್ಸಿನ ಬೋರ್ಡು ಅರ್ಧ ಓದಿ ಹತ್ತಿದವರು ಎಲ್ಲೆಲ್ಲಿ ಇಳಿದಿದಾರೆ ಅಂತ ನನಗೆ ಗೊತ್ತು.”

“ಅದಕ್ಕೇ ನಡುವಿನವನಿಗೆ ಹೇಳಿಕೊಡಬೇಕು ಭಾವ.” ಸೂಜಿಯಕ್ಕ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನೋಡಿ ಇಲ್ಲಿ. ಪಟ್ಟಿ ಕೈಯಲ್ಲಿ ಬರೆದದ್ದಾದ್ರೆ, ಸಾಲು ಮುಗಿದಲ್ಲಿ ಮಾತ್ರ ಕತ್ತರಿಸು ಅಂತ ಈ ನಡುವಿನವನಿಗೆ ತಾಕೀತು ಮಾಡಿ. ಪಟ್ಟೀನ ಕಂಪ್ಯೂಟರೇ ಹುಡುಕಿ ಕೊಡೋದಾದ್ರೆ, ಪ್ರತಿ ಹೆಸರಿನ ಕೊನೆಗೆ ಒಂದು ಶೂನ್ಯದ ಮುದ್ರೆ ಒತ್ತಿ ಕೊಡು ಅನ್ನಿ, ಸೊನ್ನೆ ಅಂಕಿ ಅಲ್ಲ, ಕಣ್ಣಿಗೆ ಕಾಣದ ಒಂದು ಗುರುತು, ಆ ಮುದ್ರೆ ಕಂಡಲ್ಲಿ ಮಾತ್ರ ಕತ್ತರಿಸು ಅಂತ ಇವನಿಗೂ ಹೇಳಿ. ಹೆಸರಿನಲ್ಲಿ ಖಾಲಿ ಜಾಗ ಬರಬಹುದು, ಏನು ಬೇಕಾದ್ರೂ ಬರಬಹುದು, ಆ ಶೂನ್ಯ ಮಾತ್ರ ಯಾವ ಹೆಸರಿನೊಳಗೂ ಬರೋಕೆ ಸಾಧ್ಯ ಇಲ್ಲ. ಎಲ್ಲಕ್ಕಿಂತ ಮೊದಲು, ಅಳಿಸು ಅನ್ನೋ ಜಾಗದಲ್ಲಿ ಹೇಳು ಅಂತ ಹಾಕಿ ನೋಡಿ. ಏನು ಮಾಡೋಕೆ ಹೊರಟಿದೆ ಅಂತ ಅದೇ ಬಾಯಿ ಬಿಡುತ್ತೆ.”

ಅವಳು ಹಾಗೆಯೇ ಮಾಡಿ ತೋರಿಸಿದಳು. ಮೊದಲು ಮಂಗಳವಾರದ ಬಗೆ, ಒಂದೊಂದು ತುಂಡನ್ನೂ ಬೇರೆ ಬೇರೆ ಸಾಲಿನಲ್ಲಿ ಹೇಳುವಂತೆ. ಯಂತ್ರ ಒಣಗಂಟಲಿನಲ್ಲಿ ಉಸುರಿತು: “ಗುಡ್ಡದ. ಮೇಲಿನ. ಮನೆ.” ಆಮೇಲೆ ಸರಿಯಾದ ಬಗೆ. “ಗುಡ್ಡದ ಮೇಲಿನ ಮನೆ,” ಎಂದಿತು ಯಂತ್ರ, ಒಂದೇ ಉಸಿರಿನಲ್ಲಿ.

ಉಸ್ತುವಾರಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಬರೆದದ್ದರ ಕೆಳಗೆ ಎರಡು ಗೆರೆ ಎಳೆದ.

“ಹೋದವು ಮತ್ತೆ ಬರಲ್ವಾ?” ಎಂದಳು ಅತ್ತೆ.

“ಕಪಾಟಿನಲ್ಲಿರೋ ಹಳೇ ಡಿಸ್ಕಿನಲ್ಲಿ ಮೂರು ತಿಂಗಳ ಹಿಂದಿನ ನಕಲು ಇದೆ ಅತ್ತೆ,” ಎಂದ ಉಸ್ತುವಾರಿ. “ನಾಲ್ಕು ಅದರಲ್ಲಿವೆ, ಇವತ್ತೇ ತಂದು ಹಾಕ್ತೀನಿ. ‘ದಾರಿ’ ಮತ್ತೆ ‘ಕನ್ನಡಿ’ ಮಾತ್ರ...” ಅವನು ನೆಲ ನೋಡಿದ. “ಅವು ಹೊಸವು.”

ಅತ್ತೆ ಕೈಚೀಲದಿಂದ ಕನ್ನಡಕ ತೆಗೆದು ಒರೆಸಿದಳು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

“ಇನ್ನೊಂದು ಸಲ ಓದ್ತೀನಿ ಬಿಡು. ಎರಡು ಪುಸ್ತಕ ತಾನೇ? ಈ ಸಲ ಉಸಿರು ಸ್ವಲ್ಪ ಆ ಕಡೆ ತಿರುಗಿ ಬಿಡ್ತೀನಿ.”

“ಬೇಡ ಅತ್ತೆ. ಇರಲಿ ಬಿಡಿ. ಕೇಳುವವರಿಗೆ ಓದ್ತಿರೋದು ಮನುಷ್ಯರು ಅಂತ ಗೊತ್ತಾಗಲಿ.”

“ಅದನ್ನ ಹೋದ ವಾರ ಹೇಳಿದ್ರೆ ಏನಾಗ್ತಿತ್ತು?” ಎಂದು ಗದರಿದಳು ಅತ್ತೆ. ಗದರಿಕೆಯಲ್ಲಿ ಮನೆಯ ಬಾಗಿಲು ತೆರೆದ ಸದ್ದಿತ್ತು. “ಮೊದಲು ನೀರು ಕುಡಿ. ಮುಖ ನೋಡು, ಹೇಗಾಗಿದೆ. ನಾನೇ ಮಗಳಿಗೆ ಫೋನು ಮಾಡಿ ಹೇಳ್ತೀನಿ, ತಟ್ಟೆ ಇನ್ನು ಮೆತ್ತಗೆ ಇಡು ಅಂತ.”

ಭಾವ ಕುರ್ಚಿಯಲ್ಲಿ ಹಿಂದಕ್ಕೊರಗಿ, ಸರಿಯಾದ ಸಮಯಕ್ಕೆ ನಿಲ್ದಾಣ ಮುಟ್ಟಿಸಿದ ತೃಪ್ತಿಯಲ್ಲಿ ಕೈ ಕಟ್ಟಿದ. ಮೂರು ಗಂಟೆಗೆ ಇನ್ನೂ ಐದು ನಿಮಿಷವಿತ್ತು.

“ಮುಗೀತಲ್ಲ. ಹೊರಡೋಣ್ವಾ ನಾದಿನಿ?”

ಸೂಜಿಯಕ್ಕ ಬುಟ್ಟಿಯಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮೇಜಿನ ಮೇಲೆ ಜೋಡಿಸುತ್ತಿದ್ದಳು. ಮನೆ. ದೀಪ. ಕಡಲು. ದೋಣಿ. ದಾರಿ. ಕನ್ನಡಿ.

“ಆರು,” ಎಂದಳು.

“ಹೌದು, ಆರು,” ಎಂದ ಭಾವ. ಆಮೇಲೆ ಅವನ ಬೆನ್ನು ಕುರ್ಚಿಯಿಂದ ಮೆಲ್ಲನೆ ಮೇಲೆದ್ದಿತು. “ಹೋದದ್ದು ಏಳಲ್ವಾ?”

ಏಳನೆಯ ಚೀಟಿ ಮೇಜಿನ ಮೂಲೆಯಲ್ಲಿ, ಉಳಿದುಕೊಂಡವುಗಳ ನಡುವೆ ಬಿದ್ದಿತ್ತು. ಸೂಜಿಯಕ್ಕ ಅದನ್ನು ಸೂಜಿಯ ತುದಿಯಿಂದ ಎತ್ತಿ ಹಿಡಿದಳು.

ನೀಲಿ ಕಿಟಕಿ.

*

“ಈ ಹೆಸರಿನ ನಡುವೆ ಖಾಲಿ ಜಾಗ ಇದೆ,” ಎಂದಳು ಸೂಜಿಯಕ್ಕ. “ಮಂಗಳವಾರದ ಆಜ್ಞೆಗೆ ಇದನ್ನ ಮುಟ್ಟೋ ಶಕ್ತಿಯೇ ಇರಲಿಲ್ಲ. ಪಟ್ಟಿಯಲ್ಲಿ ನೀಲಿಯೂ ಇಲ್ಲ, ಕಿಟಕಿಯೂ ಇಲ್ಲ. ಇದ್ದಿದ್ರೂ ಎರಡು ತುಂಡಾಗಿ ಹೋಗ್ತಿತ್ತು, ಇದಕ್ಕೆ ತಾಗ್ತಿರಲಿಲ್ಲ. ಟೀಚರೇ, ಒಂದೇ ಪದ ಸಾಕು ಅನ್ನೋ ನೀವು ಇದಕ್ಕೆ ಎರಡು ಯಾಕಿಟ್ರಿ?”

“ಅದು ಪುಸ್ತಕ ಅಲ್ಲಮ್ಮ. ಟೈಪು ಮಾಡಿದ ಹಾಳೆಗಳು. ಟಪಾಲಿನಲ್ಲಿ ಬಂದಿತ್ತು, ‘ಓದುವವರಿಗೆ’ ಅಂತ ಬರೆದು. ಕಳಿಸಿದವರ ಹೆಸರಿಲ್ಲ. ಮೇಲಿನ ಹಾಳೆಯಲ್ಲಿ ಹಾಗೇ ಇತ್ತು, ಬದಲಾಯಿಸೋಕೆ ಯಾಕೋ ಮನಸ್ಸು ಬರಲಿಲ್ಲ.”

“ಏನಿತ್ತು ಅದರಲ್ಲಿ?”

“ಒಬ್ಬ ಪುಟ್ಟ ಹುಡುಗನ ಕತೆ. ಒಂಬತ್ತು ವರ್ಷ. ನೀಲಿ ಬಣ್ಣದ ಕಿಟಕಿ ಹತ್ತಿರ ಕೂತಿರ್ತಾನೆ. ದಿನಾ ಸ್ವಲ್ಪ ಸ್ವಲ್ಪ ಕಣ್ಣು ಮಂಜಾಗ್ತಾ ಬರುತ್ತೆ...” ಅತ್ತೆ ಕೈಚೀಲವನ್ನು ತಟ್ಟಿದಳು. “ಕೊನೇ ಅಧ್ಯಾಯ ಓದೋದು ಬಾಕಿ ಇದೆ. ಆ ಹಾಳೆ ಇಲ್ಲೇ ನನ್ನ ಚೀಲದಲ್ಲಿದೆ. ನಾನು ಗೂಡಿಗೆ ಹೋಗೋ ಮುಂಚೆ ಏನನ್ನೂ ಕಣ್ಣಲ್ಲಿ ಓದಲ್ಲ. ಮೊದಲ ಸಲವೇ ಬಾಯಲ್ಲಿ ಓದಬೇಕು.”

“ನೀವು ಓದಿದ್ದನ್ನ ಯಾರಾದ್ರೂ ಕೇಳಿದ್ರಾ?”

“ನಿರ್ದೇಶಕರು. ಶನಿವಾರ. ಅರ್ಧ ಗಂಟೆ ಕೇಳಿ, ಒಂದೂ ಮಾತಾಡದೆ ಎದ್ದು ಹೋದ್ರು.”

ಸೂಜಿಯಕ್ಕ ಪರದೆಯ ಕಡೆ ತಿರುಗಿದಳು. ಕಪ್ಪು ಪರದೆಗೆ ಒಂದು ಗುಣವಿದೆ: ತನಗೆ ಹೇಳಿದ್ದನ್ನೆಲ್ಲ ಅದು ಸಾಲುಸಾಲಾಗಿ, ಗಳಿಗೆಯ ಸಮೇತ ಬರೆದಿಟ್ಟುಕೊಳ್ಳುತ್ತದೆ. ಅವಳು ಮಂಗಳವಾರವನ್ನು ದಾಟಿ ಹಿಂದಕ್ಕೆ ಹೋದಳು. ಸೋಮವಾರ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಒಂದು ಸಾಲು ಇತ್ತು. ಅದು ಅಳಿಸುವ ಆಜ್ಞೆಯಲ್ಲ, ಸಾಗಿಸುವ ಆಜ್ಞೆ. ‘ನೀಲಿ ಕಿಟಕಿ’ಯನ್ನು ಇಡಿಯಾಗಿ ಎತ್ತಿ ಒಂದು ಪೆನ್‌ಡ್ರೈವಿಗೆ ಸಾಗಿಸಲಾಗಿತ್ತು. ಹೆಸರಿನ ಹಿಂದೊಂದು, ಮುಂದೊಂದು ಉದ್ಧರಣ ಚಿಹ್ನೆ ಕಾವಲಿಗೆ ನಿಂತಿದ್ದವು, ನಡುವಿನ ಖಾಲಿ ಜಾಗ ಮುರಿಯದ ಹಾಗೆ.

“ಸೋಮವಾರ ಹನ್ನೊಂದು ಗಂಟೆಗೆ ನೀವೆಲ್ಲಿದ್ರಿ?” ಎಂದಳು ಉಸ್ತುವಾರಿಗೆ.

ಉತ್ತರ ಅತ್ತೆಯಿಂದ ಬಂತು. “ಕಣ್ಣಿನ ಡಾಕ್ಟರ ಹತ್ತಿರ. ನಾನು ಇವನ ಸ್ಕೂಟರಿನ ಹಿಂದೆ ಕೂತಿದ್ದೆ, ಪ್ರತಿ ಹಳ್ಳಕ್ಕೂ ಬೈತಾ. ಹನ್ನೆರಡೂವರೆಗೆ ವಾಪಸ್ಸು ಬಂದ್ವಿ.”

“ಈ ಕೋಣೆಯ ಬೀಗದ ಕೈ ಯಾರ್ಯಾರ ಹತ್ತಿರ ಇದೆ?”

“ಎರಡೇ ಇರೋದು,” ಎಂದ ಉಸ್ತುವಾರಿ. “ಒಂದು ನನ್ನ ಹತ್ತಿರ.”

ಇನ್ನೊಂದು ಯಾರ ಹತ್ತಿರವೆಂದು ಅವನು ಹೇಳಲಿಲ್ಲ. ಸೂಜಿಯಕ್ಕನೂ ಕೇಳಲಿಲ್ಲ. ಎರಡೂಕಾಲಿಗೆ ತಾನು ಕುಳಿತಿದ್ದ ಕೋಣೆ, ಅಲ್ಲಿ ಯಂತ್ರ ಆಡಿದ ಮಾತು ಅವಳ ಕಿವಿಯಲ್ಲಿ ಮತ್ತೆ ಎದ್ದು ಕುಳಿತಿದ್ದವು. ಕಣ್ಣಿರುವವನು ಖಾಲಿ ಜಾಗವನ್ನು ಏನೂ ಇಲ್ಲವೆಂದು ದಾಟಿಹೋಗುತ್ತಾನೆ. ಪ್ರತಿ ಸಲವೂ ಯಂತ್ರದ ಬಾಯಿಂದ ಅದರ ಹೆಸರು ಕೇಳಿದವನು ಅದನ್ನು ಹೇಗೆ ಮರೆತಾನು?

“ಟೀಚರೇ, ಆ ಕೊನೇ ಹಾಳೆ ಸ್ವಲ್ಪ ಕೊಡಿ,” ಎಂದಳು.

*

ನಿರ್ದೇಶಕರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಧ್ಯಾಹ್ನದ ಬಿಸಿಲು ಅವರ ಮೊಣಕೈಯವರೆಗೆ ಹರಡಿತ್ತು. ಮೇಜಿನ ಮೇಲಿನ ಯಂತ್ರದ ಪಕ್ಕಕ್ಕೆ ಒಂದು ಪುಟ್ಟ ಪೆನ್‌ಡ್ರೈವು ಸಿಕ್ಕಿಸಿಕೊಂಡಿತ್ತು.

“ಉದ್ಧರಣ ಚಿಹ್ನೆ,” ಎನ್ನುತ್ತಿತ್ತು ಯಂತ್ರ. “ವಜಾ. ಖಾಲಿ ಜಾಗ. ಪತ್ರ. ಉದ್ಧರಣ ಚಿಹ್ನೆ. ಅಳಿಸಬೇಕೆ? ಹೌದು ಅಥವಾ ಇಲ್ಲ.”

ಒಂದು ಕೀಲಿ ಟಕ್ಕೆಂದಿತು. “ಹೌದು,” ಎಂದಿತು ಯಂತ್ರ.

“ಗೋಡೆ ತೆಳ್ಳಗಿದೆ ಸೂಜಿಯಕ್ಕ,” ಎಂದರು ನಿರ್ದೇಶಕರು, ತಿರುಗದೆ. “ಎಲ್ಲ ಕೇಳಿಸ್ತು. ಟೀಚರ ಧ್ವನಿಗೆ ಗೋಡೆಯೇ ಬೇಕಾಗಿಲ್ಲ. ನನ್ನ ಉಸ್ತುವಾರಿ ಉಳಿದ. ನನಗೆ ತುಂಬ ಸಂತೋಷವಾಯ್ತು. ಸಮಿತಿಯವರಿಗೆ ನಾನೇ ಹೇಳ್ತೀನಿ.”

“ಆರರ ಲೆಕ್ಕ ಸಿಕ್ತು,” ಎಂದಳು ಸೂಜಿಯಕ್ಕ.

“ಹೌದು. ಆರರದ್ದು.”

ಅವರ ಬೆರಳುಗಳು ಮತ್ತೆ ಚಲಿಸಿದವು, ಅವಸರವಿಲ್ಲದೆ, ಒಂದೊಂದೇ ಕೀಲಿ.

“ಉದ್ಧರಣ ಚಿಹ್ನೆ. ನೀಲಿ. ಖಾಲಿ ಜಾಗ. ಕಿಟಕಿ. ಉದ್ಧರಣ ಚಿಹ್ನೆ. ಅಳಿಸಬೇಕೆ? ಹೌದು ಅಥವಾ ಇಲ್ಲ.”

ಈ ಸಲ ಕೀಲಿಯ ಸದ್ದಾಗಲಿಲ್ಲ.

“ನಿಮ್ಮ ಕೈಯಲ್ಲಿ ಒಂದು ಹಾಳೆ ಇದೆ,” ಎಂದರು ನಿರ್ದೇಶಕರು. “ಸದ್ದು ಕೇಳ್ತಿದೆ. ಓದಿದ್ರಾ?”

“ಇಲ್ಲ.”

“ನಾಲ್ಕು ದಿನದಿಂದ ಈ ಪ್ರಶ್ನೆ ಮುಂದೆ ಕೂತಿದೀನಿ. ಒತ್ತೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ಆ ಕಿಟಕಿ ಇದ್ದ ಮನೆ ನಂದು. ಅದರ ಬಣ್ಣ ಗೊತ್ತಿದ್ದವರು ಭೂಮಿ ಮೇಲೆ ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ನನ್ನ ಅಕ್ಕ, ನಲವತ್ತು ವರ್ಷದ ಹಿಂದೆ ತೀರಿಕೊಂಡಳು ಅಂತ ನನಗೆ ಹೇಳಿದಾರೆ.” ಅವರ ಧ್ವನಿ ಶಾಂತವಾಗಿತ್ತು. ಅವರು ಹಾಳೆಯ ಸದ್ದಿನ ಕಡೆಗೆ ಮುಖ ತಿರುಗಿಸಿದರು. “ಮೊದಲ ಸಾಲು ಓದಿ. ಒಂದೇ ಸಾಲು.”

ಸೂಜಿಯಕ್ಕ ಹಾಳೆಯನ್ನು ಬಿಸಿಲಿಗೆ ಹಿಡಿದಳು. ಮೇಲಿನ ಮೂಲೆಯಲ್ಲಿ ತಾರೀಖು ಇತ್ತು. ಹೋದ ತಿಂಗಳಿನದು.

“‘ತಮ್ಮಾ,’” ಎಂದು ಅವಳು ಓದಿದಳು, “‘ನೀನು ಇದನ್ನು ಕೇಳಿಸಿಕೊಳ್ಳುತ್ತಿದ್ದೀಯೆಂದು ನನಗೆ ಗೊತ್ತು. ನಾನು ದೂರವೇನೂ ಇಲ್ಲ.’”

ನಿರ್ದೇಶಕರ ಬೆರಳು ಒಂದು ಕೀಲಿಯ ಮೇಲೆ ಇಳಿದು ನಿಂತಿತು. ಯಾವ ಕೀಲಿಯೆಂದು ಸೂಜಿಯಕ್ಕನಿಗೆ ನಿಂತಲ್ಲಿಂದ ಕಾಣಲಿಲ್ಲ.

“ಅಳಿಸಬೇಕೆ?” ಎಂದು ಯಂತ್ರ ಮತ್ತೊಮ್ಮೆ ಕೇಳಿತು. “ಹೌದು ಅಥವಾ ಇಲ್ಲ.”